ಯಾವ ಅರೇಬಿಕ್, ಯಾತಕ್ಕೆ?

"ಅರೇಬಿಕ್ ಕಲಿಯೋಕೆ ಶುರು ಮಾಡ್ತೀನಿ ಮೇಷ್ಟ್ರೇ, ಹದಿನೈದು ದಿನ ಆಗೋ ಹೊತ್ತಿಗೆ ಮನಸ್ಸೇ ಹೊರಟೋಗುತ್ತೆ. ಕೆಲಸದಲ್ಲೂ ಹಂಗೇ ಆಗಿದೆ. ಏನಿದಕ್ಕೆ ದಾರಿ?" ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಕೆಲಸಕ್ಕೆ ಹೋಗುವ ಹುಡುಗನೊಬ್ಬ ಹೀಗೆ ಕೇಳಿದ. ಅವನೊಬ್ಬನದೇ ಪ್ರಶ್ನೆಯಾಗಿದ್ದರೆ ಅಲ್ಲೇ ನಿಂತು ಎರಡು ಮಾತು ಹೇಳಿ ಕಳಿಸಬಹುದಿತ್ತು. ಆದರೆ ಹುಲ್ಲಹಳ್ಳಿ, ಬನ್ನೂರು, ತಿ. ನರಸೀಪುರದ ಕಡೆಯಿಂದ ಬರುವ ಪತ್ರಗಳಲ್ಲಿ, ಫೋನುಗಳಲ್ಲಿ ಇದೇ ಮಾತನ್ನು ಬಹಳ ಕಾಲದಿಂದ ಕೇಳುತ್ತಿದ್ದೇನೆ. ಇಂಥವರಿಗೆ ಊರಿನವರು ಕೊಡುವ ಉತ್ತರ ಸಾಮಾನ್ಯವಾಗಿ ಒಂದೇ: ಛಲ ಇರಬೇಕು, ಮನಸ್ಸು ಗಟ್ಟಿ ಮಾಡ್ಕೋಬೇಕು. ನನಗೆ ಈ ಉತ್ತರ ಒಪ್ಪಿಗೆಯಿಲ್ಲ. ಕೋಳಿ ಕೂಗುವ ಮೊದಲೇ ಎದ್ದು, ಬುತ್ತಿ ಕಟ್ಟಿಕೊಂಡು ಬೆಳಗಿನ ಪಾಳಿಗೆ ಹೊರಡುವವನಿಗೆ ಛಲವಿಲ್ಲ ಎನ್ನುವುದು ಅನ್ಯಾಯ.

ಅವನನ್ನು ನಾನು ಕೇಳಿದ್ದು ಇಷ್ಟೇ: "ನಿಂಗೆ ಅರೇಬಿಕ್ ಯಾತಕ್ಕಪ್ಪಾ ಬೇಕು?" ಸ್ವಲ್ಪ ತಡವರಿಸಿ ಹೇಳಿದ, "ಸೌದಿಗೆ ಹೋಗೋ ಯೋಚ್ನೆ ಇದೆ. ಭಾವ ಅಲ್ಲೇ ಅವ್ರೆ. ಕುರ್‌ಆನೂ ಅರ್ಥ ಆಗ್ಬೇಕು ಅಂತ ಆಸೆ. ಒಂದು ಕಲಿತ್ರೆ ಎಲ್ಲದಕ್ಕೂ ಆಗುತ್ತಲ್ಲ." ಅವನ ಮೊಬೈಲಿನಲ್ಲಿದ್ದ ಆ್ಯಪ್ ತೆಗೆದು ನೋಡಿದೆ. ಅದು ಕಲಿಸುತ್ತಿದ್ದದ್ದು ಅರೇಬಿಕ್ ಪತ್ರಿಕೆಗಳ, ವಾರ್ತೆಗಳ ಭಾಷೆ: ವಿಶ್ವವಿದ್ಯಾಲಯ, ಸಂಸತ್ತು, ಹವಾಮಾನ. ಸೌದಿಯ ಮಾಲೀಕನ ಜೊತೆ ಮಾತಾಡಲು ಅದು ಅಷ್ಟಾಗಿ ಒದಗುವುದಿಲ್ಲ, ನಮಾಜಿನಲ್ಲಿ ಕೇಳುವ ಆಯತ್ತುಗಳ, ಅಂದರೆ ಕುರ್‌ಆನಿನ ವಾಕ್ಯಗಳ, ಹತ್ತಿರಕ್ಕೂ ಬೇಗ ಕರೆದೊಯ್ಯುವುದಿಲ್ಲ. ಹದಿನೈದು ದಿನ ಕಲಿತ ಮೇಲೂ ತನಗೆ ಬೇಕಾದ ಒಂದು ಮಾತೂ ಕೈಗೆ ಹತ್ತದಿದ್ದರೆ ಯಾರ ಮನಸ್ಸು ತಾನೇ ನಿಂತೀತು? ಬೇಕಾದದ್ದು ಒಂದು, ಹಿಡಿದ ದಾರಿ ಇನ್ನೊಂದು ಆದಾಗ ಬರುವ ಬೇಸರವನ್ನು ನಾವು ಸೋಮಾರಿತನ ಎಂದು ಕರೆದುಬಿಡುತ್ತೇವೆ.

ಅರೇಬಿಕ್ ಎನ್ನುವುದು ಹೊರಗಿನಿಂದ ನೋಡುವವರಿಗೆ ಒಂದು ಭಾಷೆ. ಒಳಗೆ ಹೋದರೆ ಹಲವು ಕೋಣೆಗಳಿವೆ. ಗಲ್ಫಿನಲ್ಲಿ ವಾಹನ ಓಡಿಸಿ ಊರಿಗೆ ವಾಪಸಾದ ಹುಲ್ಲಹಳ್ಳಿಯ ಪರಿಚಿತರೊಬ್ಬರಿಗೆ ಅಕ್ಷರ ಓದಲು ಬರುವುದಿಲ್ಲ, ಆದರೆ ಮಾತು ಅರಳು ಹುರಿದಂತೆ. ಯಮೀನ್ ಎಂದರೆ ಬಲಕ್ಕೆ, ಯಸಾರ್ ಎಂದರೆ ಎಡಕ್ಕೆ, ನೇರ ಹೋಗು ಎನ್ನಲು ಅಲ್ಲಿಯವರೂ ನಮ್ಮ ಹಾಗೇ ಸೀದಾ ಎನ್ನುತ್ತಾರಂತೆ. ಇಖಾಮಾ ಎನ್ನುವ ವಾಸದ ಪರವಾನಗಿಯ ನವೀಕರಣ, ಕಫೀಲ್ ಎನ್ನುವ ಪ್ರಾಯೋಜಕ ಮಾಲೀಕನ ಜೊತೆ ಸಂಬಳದ ಮಾತು, ಗ್ಯಾರೇಜಿನಲ್ಲಿ ಚೌಕಾಸಿ ಎಲ್ಲವನ್ನೂ ಅವರು ಆ ಭಾಷೆಯಲ್ಲೇ ನಿಭಾಯಿಸಿದ್ದಾರೆ. ಅವರು ಕಲಿತದ್ದು ಬೀದಿಯ ಅರೇಬಿಕ್. ಪುಸ್ತಕದ ಅರೇಬಿಕ್‌ನಲ್ಲಿ 'ಏನು' ಎನ್ನಲು ಮಾದಾ ಎಂದಿದ್ದರೆ ಗಲ್ಫಿನ ಬೀದಿಯಲ್ಲಿ ಏಶ್, ಶಿನೂ ಎಂದೆಲ್ಲ ಆಗುತ್ತದೆ. ಇನ್ನು ನಮ್ಮ ಪಿಯುಸಿಯಲ್ಲಿ ಅರೇಬಿಕ್ ಒಂದು ಭಾಷಾ ವಿಷಯವಾಗಿದೆ. ಅದನ್ನು ತೆಗೆದುಕೊಂಡ ಮಕ್ಕಳಿಗೆ ಪಠ್ಯ, ವ್ಯಾಕರಣ, ಅನುವಾದ, ಅಂಕ ಎಲ್ಲವೂ ಗೊತ್ತುಮಾಡಿದ ಚೌಕಟ್ಟಿನೊಳಗೆ ಇರುತ್ತವೆ. ಆಲಿಮ್, ಅಂದರೆ ಧರ್ಮವಿದ್ವಾಂಸ, ಆಗಲು ಹೊರಟವರು ವರ್ಷಗಟ್ಟಲೆ ಸರ್ಫ್, ನಹ್ವ್ ಎಂದು ಪದರಚನೆ ಮತ್ತು ವಾಕ್ಯರಚನೆಯ ಶಾಸ್ತ್ರದಲ್ಲಿ ಮುಳುಗಿರುತ್ತಾರೆ. ಇವೆಲ್ಲವನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಇವೆಲ್ಲಕ್ಕೂ ಮೊದಲು ನಮ್ಮ ಕಡೆಯ ಮುಸ್ಲಿಂ ಮನೆಗಳ ಮಕ್ಕಳು ಕಲಿಯುವ ಅರೇಬಿಕ್ ಒಂದಿದೆ. ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಅದರ ಮೇಲೆಯೇ. ದಖನಿ ಮನೆಗಳಲ್ಲಿ ಮಗುವಿಗೆ ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನ ತುಂಬಿದಾಗ ಬಿಸ್ಮಿಲ್ಲಾ ಮಾಡಿಸುವ ಪದ್ಧತಿ ಇದೆ. ಹೊಸ ಬಟ್ಟೆ ತೊಡಿಸಿ, ಹಿರಿಯರ ಮುಂದೆ ಕೂರಿಸಿ, ಮೊದಲ ಅಕ್ಷರಗಳನ್ನು ಬಾಯಲ್ಲಿ ಹೇಳಿಸುತ್ತಾರೆ. ಆಮೇಲೆ ಮಸೀದಿಯ ಪಾಠಶಾಲೆ, ಮಕ್ತಬ್. ಶಾಲೆಗೆ ಹೋಗುವ ಮೊದಲು ಮುಂಜಾನೆ ಒಂದು ಗಂಟೆ, ಮರದ ರೆಹಲಿನ ಮೇಲೆ ನೂರಾನಿ ಕಾಯಿದಾ ಎನ್ನುವ ಅಕ್ಷರಪುಸ್ತಕ ಬಿಡಿಸಿಟ್ಟು ಮಕ್ಕಳು ಸಾಲಾಗಿ ಕೂರುತ್ತಾರೆ. ಇಪ್ಪತ್ತೆಂಟು ಅಕ್ಷರ, ಬಲದಿಂದ ಎಡಕ್ಕೆ. ಅಕ್ಷರದ ಆಕಾರ ಬೇಗ ಬರುತ್ತದೆ, ಕಷ್ಟವೆಲ್ಲ ಅದು ಬಾಯೊಳಗೆ ಎಲ್ಲಿಂದ ಹೊರಡಬೇಕು ಎನ್ನುವುದರಲ್ಲಿ. ಆರು ಅಕ್ಷರಗಳು ಗಂಟಲಿನಿಂದಲೇ ಬರಬೇಕು. ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ ಮಾತಾಡುವ ಮಗುವಿನ ಬಾಯಲ್ಲಿ ಐನ್ ಎನ್ನುವ ಅಕ್ಷರ ಬರೀ 'ಅ' ಆಗಿಬಿಡುತ್ತದೆ. ಪಾಠ ಹೇಳುವ ಹಜ್ರತ್ ತಮ್ಮ ಗಂಟಲಿನ ನಡುವೆ ಎರಡು ಬೆರಳಿಟ್ಟು, "ಇಲ್ಲಿಂದ ಬರಬೇಕು, ಇಲ್ಲಿಂದ" ಎಂದು ತೋರಿಸುತ್ತಾರೆ. ಮಗು ಕಣ್ಣು ದೊಡ್ಡದು ಮಾಡಿ, ಕತ್ತು ಚಾಚಿ ಮತ್ತೆ ಹೇಳುತ್ತದೆ. ಆಗಲಿಲ್ಲ. ಮತ್ತೆ. ದಾದ್ ಎನ್ನುವುದಂತೂ ನಾಲಿಗೆಯ ಅಂಚನ್ನು ದವಡೆ ಹಲ್ಲಿಗೆ ಒತ್ತಿ ಹೇಳಬೇಕಾದ ಅಕ್ಷರ. ದೊಡ್ಡವರಿಗೂ ಅದು ಸುಲಭವಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಐನ್ ಸರಿಯಾಗಿ ಬಂದಾಗ ಹಜ್ರತ್ ಏನೂ ಹೇಳದೆ ಮುಂದಿನ ಸಾಲಿನ ಮೇಲೆ ಬೆರಳಿಡುತ್ತಾರೆ. ಆ ಮಗುವಿನ ಮುಖ ನೋಡಬೇಕು.

ಹೀಗೆ ಕಾಯಿದಾ ಮುಗಿಸಿ, ಸಿಪಾರ ಹಿಡಿದು, ಕುರ್‌ಆನಿನ ಮೂವತ್ತೂ ಭಾಗ ಓದಿ ಖತಂ ಮಾಡುವುದನ್ನು ನಾಜಿರಾ ಎನ್ನುತ್ತಾರೆ. ಇಲ್ಲಿ ಗುರಿ ಇರುವುದು ಸರಿಯಾದ ಉಚ್ಚಾರಣೆಯ ಓದು. ಅರ್ಥ ಈ ಪಾಠದ ಭಾಗವೇ ಅಲ್ಲ. ನಾನೂ ಹೀಗೇ ಕಲಿತವನು. ಅರ್ಥ ಕಲಿಯಲು ಕೂತದ್ದು ಬಹಳ ತಡವಾಗಿ, ಮೇಷ್ಟ್ರ ಕೆಲಸ ಮುಗಿಯುತ್ತ ಬಂದಾಗ. ಬನ್ನೂರಿನ ಗೃಹಿಣಿಯೊಬ್ಬರು ಹೋದ ತಿಂಗಳು ಬರೆದಿದ್ದರು: ಚಿಕ್ಕಂದಿನಲ್ಲಿ ಎರಡು ಸಲ ಖತಂ ಮಾಡಿದವಳು ನಾನು, ಒಂದು ಸಾಲಿನ ಅರ್ಥವೂ ಗೊತ್ತಿಲ್ಲ, ಅಷ್ಟೂ ವರ್ಷ ವ್ಯರ್ಥವಾಯಿತಲ್ಲ ಎಂದು. ವ್ಯರ್ಥವಾಗಿಲ್ಲ ಅಮ್ಮಾ. ಹಜ್ರತ್ ಕಲಿಸಲು ಹೊರಟದ್ದನ್ನು ಕಲಿಸಿದ್ದಾರೆ, ನೀವು ಕಲಿತಿದ್ದೀರಿ. ಇವತ್ತು ಅರ್ಥ ಕಲಿಯಲು ಕೂತರೆ ಅಕ್ಷರ ಗುರುತಿಸುವ, ಸ್ವರಚಿಹ್ನೆ ಬಿಡಿಸುವ, ಉಚ್ಚರಿಸುವ ಕೆಲಸ ಆಗಲೇ ಮುಗಿದಿರುತ್ತದೆ. ಹೊಸದಾಗಿ ಶುರು ಮಾಡುವವರು ತಿಂಗಳುಗಟ್ಟಲೆ ಒದ್ದಾಡುವುದು ಅಲ್ಲಿಯೇ.

ಅರ್ಥ ತಿಳಿಯದ ಓದಿನ ಬಗೆಗಿನ ಅಸಮಾಧಾನ ಬರೀ ಒಂದು ಧರ್ಮದವರದಲ್ಲ, ಇವತ್ತಿನದೂ ಅಲ್ಲ. ನದಿಯಾಚೆ ತಿ. ನರಸೀಪುರಕ್ಕೆ ಅಂಟಿಕೊಂಡಂತೆ ಸೋಸಲೆ ಇದೆ. ವ್ಯಾಸರಾಜ ಮಠದಿಂದ ಹೆಸರಾದ ಊರು. ವೇದ ಕಲಿಯುವ ಮಕ್ಕಳೂ ಮೊದಲು ಕಲಿಯುವುದು ಸ್ವರವನ್ನೇ. ಪದ, ಕ್ರಮ, ಜಟೆ, ಘನ ಎಂದು ಒಂದೇ ಮಂತ್ರವನ್ನು ಹಿಂದುಮುಂದಾಗಿ ಹೆಣೆದು ಬಾಯಿಪಾಠ ಮಾಡುತ್ತಾರೆ. ಅರ್ಥ ಆಮೇಲೆ. ಹಾಗೆಯೇ ನಿಂತುಬಿಟ್ಟವರ ಬಗ್ಗೆ ಯಾಸ್ಕರ ನಿರುಕ್ತ ಬಹಳ ಕಟುವಾಗಿದೆ: ವೇದ ಕಲಿತೂ ಅರ್ಥ ಅರಿಯದವನನ್ನು ಅದು ಹೊರೆ ಹೊತ್ತು ನಿಂತ ಕಂಬಕ್ಕೆ ಹೋಲಿಸುತ್ತದೆ. ಕುರ್‌ಆನಿನ ಅರವತ್ತೆರಡನೆಯ ಅಧ್ಯಾಯ ಯಹೂದಿಗಳ ಗ್ರಂಥವಾದ ತೌರಾತಿನ ಹೊಣೆ ಹೊತ್ತೂ ಅದರಂತೆ ನಡೆಯದವರನ್ನು ಪುಸ್ತಕ ಹೊತ್ತ ಕತ್ತೆಗೆ ಹೋಲಿಸುತ್ತದೆ. ಒಂದರಲ್ಲಿ ಅರಿಯದವನ ಮೇಲೆ ಸಿಟ್ಟು, ಇನ್ನೊಂದರಲ್ಲಿ ನಡೆಯದವನ ಮೇಲೆ. ಎರಡು ಗ್ರಂಥಗಳೂ ಹೊರುವುದನ್ನು ಬೈಯುತ್ತಿಲ್ಲ, ಹೊತ್ತು ಅಲ್ಲೇ ನಿಂತುಬಿಡುವುದನ್ನು ಬೈಯುತ್ತಿವೆ. ನನ್ನ ಅಭಿಪ್ರಾಯ ಕೇಳಿದರೆ, ಬಾಲ್ಯದ ಬಾಯಿಪಾಠವನ್ನು ಹೀಗಳೆಯುವುದೂ ಬೇಡ, ಅದೇ ಕೊನೆ ಎಂದುಕೊಳ್ಳುವುದೂ ಬೇಡ.

ಇಲ್ಲಿ ಉದ್ದೇಶದ ಮಾತು ಬರುತ್ತದೆ. ಇಸ್ಲಾಮಿನ ಪ್ರವಾದಿಯವರ ನಡೆನುಡಿಗಳನ್ನು ದಾಖಲಿಸಿದ ಹದೀಸ್ ಸಂಗ್ರಹಗಳಲ್ಲಿ ಹೆಚ್ಚಿನ ಮನ್ನಣೆ ಪಡೆದ ಸಹೀಹ್ ಬುಖಾರಿಯ ಮೊದಲ ಹದೀಸ್ ನಿಯ್ಯತ್ತಿನ, ಅಂದರೆ ಉದ್ದೇಶದ, ಕುರಿತದ್ದು. ಇಮಾಂ ನವವಿಯವರ ನಲವತ್ತು ಹದೀಸುಗಳ ಸಂಗ್ರಹವೂ ಅದರಿಂದಲೇ ಶುರುವಾಗುತ್ತದೆ. ಖಲೀಫ ಉಮರ್ ಪ್ರವಾದಿಯವರಿಂದ ಕೇಳಿ ತಿಳಿಸಿದ್ದು ಅದು. ಕೆಲಸಗಳ ಬೆಲೆ ಅವುಗಳ ಹಿಂದಿನ ಉದ್ದೇಶದಲ್ಲಿದೆ ಎನ್ನುವುದು ಅದರ ತಿರುಳು. ಉದಾಹರಣೆಗೆ ಬರುವುದು ಮಕ್ಕಾದಿಂದ ಮದೀನಾಕ್ಕೆ ವಲಸೆ ಹೋದವರ ಸಂಗತಿ: ದೇವರಿಗಾಗಿ ಹೋದವನ ವಲಸೆ ದೇವರ ಕಡೆಗೆ, ಲಾಭಕ್ಕಾಗಿಯೋ ಒಬ್ಬ ಹೆಣ್ಣನ್ನು ಮದುವೆಯಾಗಲೋ ಹೋದವನ ವಲಸೆ ಆ ಕಡೆಗೆ. ಅದೇ ದಾರಿ, ಅದೇ ಮರಳು, ಅದೇ ಬಿಸಿಲು. ಇದನ್ನು ಶುಕ್ರವಾರದ ಬಯಾನುಗಳಲ್ಲಿ ಕೇಳಿದವರು ಹೆಚ್ಚಾಗಿ ಗದರಿಕೆ ಎಂದೇ ತಿಳಿದುಕೊಂಡಿರುತ್ತಾರೆ. ನಾನು ಅದನ್ನು ಓದುವುದು ಸ್ವಲ್ಪ ಬೇರೆ ರೀತಿ. ಮದುವೆಗೆಂದು ಊರು ಬಿಟ್ಟವನಿಗೆ ಮದುವೆ ಸಿಗುವುದಿಲ್ಲ ಎಂದು ಅದು ಹೇಳುತ್ತಿಲ್ಲ. ಹೊರಟದ್ದು ಯಾತಕ್ಕೋ ಅದೇ ನಿನ್ನದಾಗುತ್ತದೆ, ಅದಕ್ಕಿಂತ ಬೇರೆಯದನ್ನು ಲೆಕ್ಕಕ್ಕೆ ಹಿಡಿಯಬೇಡ ಎನ್ನುತ್ತಿದೆ. ದುಬೈ ಟ್ಯಾಕ್ಸಿಗೆಂದು ಕಲಿತ ಅರೇಬಿಕ್ ಟ್ಯಾಕ್ಸಿ ಓಡಿಸಲು ಆಗುತ್ತದೆ. ಅದರಿಂದ ಕುರ್‌ಆನ್ ತೆರೆದುಕೊಳ್ಳಲಿಲ್ಲ ಎಂದು ಕೊರಗುವವನು ತಾನು ಹತ್ತಿದ ಬಸ್ಸಿನ ಬೋರ್ಡನ್ನೇ ಓದಿಲ್ಲ.

ಹೊಟ್ಟೆಪಾಡಿಗೆ ಕಲಿಯುವುದು ಕೀಳು, ಧರ್ಮಕ್ಕೆ ಕಲಿಯುವುದು ಮೇಲು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ನಾನು ಇದನ್ನು ಒಪ್ಪುವುದಿಲ್ಲ. ಅರೇಬಿಕ್ ವ್ಯಾಕರಣದ ಮೊದಲ ಮಹಾಗ್ರಂಥವನ್ನು ಬರೆದ ಸೀಬವೈಹಿಗೆ ಅದು ತಾಯಿನುಡಿಯಾಗಿರಲಿಲ್ಲ. ಎಂಟನೆಯ ಶತಮಾನದಲ್ಲಿ ಬಸ್ರಾ ಪಟ್ಟಣಕ್ಕೆ ಓದಲು ಬಂದ ಪರ್ಷಿಯದ ಹುಡುಗ ಅವನು. ಹದೀಸ್ ತರಗತಿಯಲ್ಲಿ ಓದುವಾಗ ಒಂದು ವಿಭಕ್ತಿ ತಪ್ಪಿ, ಗುರು ಎಲ್ಲರೆದುರು ತಿದ್ದಿದರಂತೆ. ಇನ್ನು ಯಾರೂ ನನ್ನನ್ನು ತಿದ್ದದ ಹಾಗೆ ಈ ಭಾಷೆಯನ್ನು ಕಲಿಯುತ್ತೇನೆ ಎಂದು ಹಟ ತೊಟ್ಟ ಎನ್ನುವ ಕತೆಯನ್ನು ಅರೇಬಿಕ್ ಕಲಿಸುವವರು ಇವತ್ತಿಗೂ ಹೇಳುತ್ತಾರೆ. ಅವಮಾನದಿಂದ ಹುಟ್ಟಿದ ಹಟ ಅದು, ಪುಣ್ಯದ ಆಸೆಯಲ್ಲ. ಆದರೂ ಅಲ್ಲಿಂದ ಹುಟ್ಟಿದ 'ಅಲ್ ಕಿತಾಬ್' ಸಾವಿರದ ಇನ್ನೂರು ವರ್ಷಗಳಿಂದ ಆ ಭಾಷೆಯನ್ನು ಎತ್ತಿ ಹಿಡಿದಿದೆ.

ಇದಕ್ಕೆ ಎದುರಾಗಿ ನಿಲ್ಲುವುದು ಇಮಾಂ ಗಜ್ಜಾಲಿಯವರ ಬದುಕು. ಉದ್ದೇಶದ ಬಗ್ಗೆ ಯಾರೇ ಕೇಳಿದರೂ ನನಗೆ ಮೊದಲು ನೆನಪಾಗುವವರು ಅವರು. 1058ರಲ್ಲಿ ತೂಸ್‌ನಲ್ಲಿ ಹುಟ್ಟಿದವರು, 1091ರಲ್ಲಿ ಬಾಗ್ದಾದಿನ ನಿಜಾಮಿಯಾ ವಿದ್ಯಾಲಯದ ಪ್ರಾಧ್ಯಾಪಕರಾದರು. ಅವತ್ತಿನ ಇಸ್ಲಾಮಿ ಲೋಕದಲ್ಲಿ ವಿದ್ವಾಂಸನೊಬ್ಬನಿಗೆ ಅದಕ್ಕಿಂತ ದೊಡ್ಡ ಪೀಠ ಇರಲಿಲ್ಲ. ಕಿಕ್ಕಿರಿದ ತರಗತಿ, ವಜೀರನ ಗೌರವ, ಊರೆಲ್ಲ ಹೆಸರು. ಆಮೇಲೆ ಬರೆದ ಆತ್ಮಕಥನದಲ್ಲಿ ಅವರೇ ಹೇಳಿಕೊಳ್ಳುವ ಹಾಗೆ, ಒಂದು ದಿನ ತಾವು ಪಾಠ ಹೇಳುವುದರ ಹಿಂದಿನ ಉದ್ದೇಶವನ್ನು ತಾವೇ ಪರೀಕ್ಷಿಸಿ ನೋಡಿಕೊಂಡರು. ಅಲ್ಲಿ ದೇವರಿರಲಿಲ್ಲ; ಹೆಸರಿನ ಆಸೆ, ಪ್ರಸಿದ್ಧಿಯ ಆಸೆ ಇತ್ತು. ಬಿಡಬೇಕು ಎನ್ನಿಸಿತು, ಬಿಡಲಾಗಲಿಲ್ಲ. ಬೆಳಿಗ್ಗೆ ಹೊರಟುಬಿಡುತ್ತೇನೆ ಎಂಬ ನಿರ್ಧಾರ, ಸಂಜೆಗೆ ಅದು ಸಡಿಲ. ಸುಮಾರು ಆರು ತಿಂಗಳು ಈ ತೂಗಾಟ. ಕೊನೆಗೆ ನಾಲಿಗೆಯೇ ಕಟ್ಟಿಹೋಯಿತು. ಪಾಠ ಹೇಳಲು ಬಾಯಿ ತೆರೆದರೆ ಮಾತು ಹೊರಡದು, ಊಟ ಗಂಟಲಲ್ಲಿ ಇಳಿಯದು. ವೈದ್ಯರು ಕೈಚೆಲ್ಲಿದರು. 1095ರಲ್ಲಿ ಅವರು ಪೀಠ ಬಿಟ್ಟು ದಮಾಸ್ಕಸ್ ಕಡೆ ನಡೆದರು. ಹತ್ತು ವರ್ಷ ಕಳೆದ ಮೇಲೆ ಮತ್ತೆ ನಿಶಾಪುರದಲ್ಲಿ ಪಾಠ ಹೇಳಲು ಒಪ್ಪಿಕೊಂಡರು. ಅದೇ ಕೆಲಸ, ಅದೇ ಮನುಷ್ಯ. ಆದರೆ ಮೊದಲು ಹೆಸರಿಗಾಗಿ ಕಲಿಸುತ್ತಿದ್ದೆ, ಈಗಿನದು ಅದಲ್ಲ ಎಂದು ಸ್ವತಃ ಬರೆದಿದ್ದಾರೆ.

ಗಜ್ಜಾಲಿಯವರ ಕತೆ ಹೇಳಿದಾಗ ಕೆಲವರು ಹಾಗಾದರೆ ನಾವೂ ಕೆಲಸ ಬಿಡಬೇಕೇ ಎನ್ನುತ್ತಾರೆ. ಅವರ ಕತೆ ನನಗೆ ಹೇಳುವುದು ಬೇರೆ. ಒಮ್ಮೆ ಗೊತ್ತುಮಾಡಿಕೊಂಡ ಉದ್ದೇಶ ಹಾಗೆಯೇ ಇರುವುದಿಲ್ಲ. ನಡುದಾರಿಯಲ್ಲಿ ಬದಲಾಗುತ್ತದೆ, ಕೆಲವೊಮ್ಮೆ ನಮಗೆ ಗೊತ್ತಾಗದ ಹಾಗೆ. ಭಾಷೆ ಕಲಿಯುವವರಲ್ಲಿ ಇದು ಎದ್ದು ಕಾಣುತ್ತದೆ. ಕೆನಡಾದ ರಾಬರ್ಟ್ ಗಾರ್ಡ್ನರ್ ಮತ್ತು ವಾಲೆಸ್ ಲ್ಯಾಂಬರ್ಟ್ ಎಂಬ ಮನಶ್ಶಾಸ್ತ್ರಜ್ಞರು ಮಾಂಟ್ರಿಯಲ್‌ನಲ್ಲಿ ಫ್ರೆಂಚ್ ಕಲಿಯುವ ಇಂಗ್ಲಿಷ್ ಮಕ್ಕಳನ್ನು ಗಮನಿಸಿ 1959ರಲ್ಲಿ ಬರೆದದ್ದು ಇವತ್ತಿಗೂ ಚರ್ಚೆಯಲ್ಲಿದೆ. ಕೆಲವರಿಗೆ ಭಾಷೆ ಒಂದು ಸಲಕರಣೆ, ನೌಕರಿಗೋ ಅಂಕಕ್ಕೋ ಬೇಕು. ಇನ್ನು ಕೆಲವರಿಗೆ ಆ ಭಾಷೆಯ ಜನರೊಂದಿಗೆ ಒಂದಾಗುವ ಆಸೆ. ಎರಡನೆಯ ಬಗೆಯವರು ಚೆನ್ನಾಗಿ ಕಲಿಯುತ್ತಿದ್ದರು ಎಂದು ಅವರಿಗೆ ಕಂಡಿತು. ಆಮೇಲಿನ ಅಧ್ಯಯನಗಳಲ್ಲಿ, ನಮ್ಮಂಥ ದೇಶಗಳಲ್ಲಿ ನೌಕರಿಯ ಆಸೆಯೂ ಅಷ್ಟೇ ದೂರ ನಡೆಸುತ್ತದೆ ಎಂಬ ಮಾತೂ ಬಂತು. ನಾನು ಕಂಡ ಮಟ್ಟಿಗೆ ಈ ಎರಡೂ ಒಬ್ಬರೊಳಗೇ ಸ್ಥಳ ಬದಲಾಯಿಸುತ್ತಿರುತ್ತವೆ. ಹುಲ್ಲಹಳ್ಳಿಯ ಆ ಚಾಲಕರು ಸಂಬಳಕ್ಕೆಂದು ಹೋದವರು, ಈಗ ಊರಲ್ಲಿ ಕೂತು ಅಲ್ಲಿನ ಮಾಲೀಕನ ಮಕ್ಕಳಿಗೆ ಹಬ್ಬಕ್ಕೆ ಫೋನ್ ಮಾಡಿ ಅದೇ ಭಾಷೆಯಲ್ಲಿ ನಗುತ್ತಾರೆ. ಈಗ ಅದರಿಂದ ಒಂದು ರೂಪಾಯಿ ಲಾಭವಿಲ್ಲ.

ಇನ್ನು ಕೆಲಸ. ನಂಜನಗೂಡಿನ ಹುಡುಗನ ದೂರಿನ ಅರ್ಧ ಅದರ ಮೇಲಿತ್ತು. "ನಿಯತ್ತಾಗಿ ದುಡೀತೀನಿ ಮೇಷ್ಟ್ರೇ, ಸಂಬಳನೂ ಸರಿಯಾಗಿ ಬರುತ್ತೆ. ಆದ್ರೂ ಸಾಕಾಗೋಗಿದೆ" ಎಂದ. ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞ 1959ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದು ಇದನ್ನೇ: ಸಂಬಳ, ರಜೆ, ಮೇಲಧಿಕಾರಿಯ ನಡವಳಿಕೆ ಕೆಟ್ಟಿದ್ದರೆ ಮನುಷ್ಯ ಕುದಿಯುತ್ತಾನೆ, ಅವು ಸರಿಯಿದ್ದ ಮಾತ್ರಕ್ಕೆ ಕೆಲಸದಲ್ಲಿ ಉಮೇದು ಹುಟ್ಟುವುದಿಲ್ಲ. ಉಮೇದು ಹುಟ್ಟುವುದು ಏನನ್ನೋ ಸಾಧಿಸಿದೆ, ಅದನ್ನು ಯಾರೋ ಗುರುತಿಸಿದರು, ಹೊಣೆ ಕೊಟ್ಟರು ಎನ್ನಿಸಿದಾಗ. ಇದು ಕಾರ್ಖಾನೆಯವರಿಗೆ ಹೇಳಬೇಕಾದ ಮಾತು, ಹುಡುಗನಿಗಲ್ಲ. ಹಗಲೆಲ್ಲ ತನ್ನ ಕೈಯಿಂದ ಏನಾಗುತ್ತಿದೆ ಎಂದು ಕಾಣದ ಕೆಲಸಕ್ಕೆ ಮನಸ್ಸು ಕೊಡು ಎನ್ನುವ ಹಕ್ಕು ನಮಗಾರಿಗೂ ಇಲ್ಲ.

ಕೈಯ ಕೆಲಸ ಕಣ್ಣಿಗೆ ಕಾಣುವ ಕಡೆ ಹೇಗಿರುತ್ತದೆ ನೋಡಿ. ತಿ. ನರಸೀಪುರದಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಫಿಲೇಚರ್ ಇದೆ. ಅಲ್ಲಿ ತೆಗೆದ ನೂಲು ಮೈಸೂರಿನ ಮಾನಂದವಾಡಿ ರಸ್ತೆಯ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆಗೆ, 1912ರಲ್ಲಿ ಶುರುವಾದ ಆ ಮಗ್ಗಗಳಿಗೆ ಹೋಗುತ್ತದೆ. ನಮ್ಮ ಭಾಗದಲ್ಲಿ ನೂಲು ಬಿಚ್ಚಾಣಿಕೆ ಕಂಡವರಿಗೆ ಆ ಕೆಲಸದ ಬಿಗಿ ಗೊತ್ತು. ಗೂಡನ್ನು ಬಿಸಿ ನೀರಿನಲ್ಲಿ ಬೇಯಿಸಿ ಅಂಟು ಸಡಿಲಿಸಿ, ಒಂದೊಂದು ಗೂಡಿನ ಎಳೆಯ ತುದಿ ಹುಡುಕಿ, ಹಲವು ಎಳೆ ಸೇರಿಸಿ ಒಂದು ನೂಲು ಮಾಡಬೇಕು. ಒಂದೊಂದು ಎಳೆ ಕೂದಲಿಗಿಂತ ಎಷ್ಟೋ ಸಣ್ಣದು. ಒಂದು ಗೂಡು ಮುಗಿಯುತ್ತಿದ್ದ ಹಾಗೆ ಇನ್ನೊಂದರ ತುದಿಯನ್ನು ಅದೇ ಕ್ಷಣ ಸೇರಿಸದಿದ್ದರೆ ನೂಲು ಸಣಕಲಾಗುತ್ತದೆ, ಆಮೇಲೆ ಸೀರೆಯಲ್ಲಿ ಅದು ಕಾಣುತ್ತದೆ. ಬಿಸಿನೀರಿನಲ್ಲಿ ನೆನೆದು ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿರುತ್ತದೆ, ಹುಳುವಿನ ವಾಸನೆ ಮನೆವರೆಗೂ ಬರುತ್ತದೆ. ಆ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬರನ್ನು ಬೇಸರವಾಗಲ್ವಾ ಎಂದು ಕೇಳಿದ್ದೆ. "ಬೇಸರ ಆಗುತ್ತೆ ಕಣಣ್ಣ, ಯಾಕಾಗಲ್ಲ. ಆದ್ರೆ ನನ್ನ ನೂಲು ನಂಗೆ ಗೊತ್ತಾಗುತ್ತೆ" ಎಂದರು. ಮಕ್ಕಳ ಫೀಸಿಗೆ ದುಡಿಯುತ್ತಿದ್ದವರು ಅವರು, ಅದನ್ನು ಮುಚ್ಚಿಡಲೂ ಇಲ್ಲ. ಕೂಲಿ ಅವರನ್ನು ಆ ಬೇಸಿನ್ನಿನ ಮುಂದೆ ತಂದು ನಿಲ್ಲಿಸಿತು. ಕೈ ಜಾಗ್ರತೆಯಾಗಿರುವುದಕ್ಕೆ ಕಾರಣ ಮಾತ್ರ ಆ ನೂಲು.

ಧರ್ಮಗ್ರಂಥಗಳನ್ನು ಕೆಲಸದ ವಿಷಯಕ್ಕೆ ತಂದಾಗ ನಮ್ಮಲ್ಲಿ ಒಂದು ಅವಸರವಿದೆ: ಫಲ ಬಯಸಬೇಡ ಎಂದು ಗೀತೆಯೇ ಹೇಳಿದೆಯಲ್ಲ, ಸುಮ್ಮನೆ ದುಡಿ. ಇದನ್ನು ಹೆಚ್ಚಾಗಿ ಹೇಳುವವರು ದುಡಿಸಿಕೊಳ್ಳುವವರು. ಅದೇ ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ತ್ಯಾಗದ ಮೂರು ಬಗೆಗಳ ವಿವರ ಇದೆ. ಮೈಗೆ ಕಷ್ಟ ಎಂಬ ಭಯಕ್ಕೆ ಕೆಲಸ ಬಿಡುವುದು ರಾಜಸ ತ್ಯಾಗ. 'ಬಿಟ್ಟೆ' ಎಂದ ಮಾತ್ರಕ್ಕೆ ಅದು ತ್ಯಾಗವಾಗುವುದಿಲ್ಲ. ಅಂದರೆ ಅಲ್ಲಿಯೂ ಪ್ರಶ್ನೆ ಬಿಡುವುದೋ ಹಿಡಿಯುವುದೋ ಎಂಬುದಲ್ಲ, ಯಾವ ಕಾರಣಕ್ಕೆ ಎಂಬುದು. ಶರಣೆ ಆಯ್ದಕ್ಕಿ ಲಕ್ಕಮ್ಮ ಇನ್ನೂ ನೇರ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಖುಷಿಪಡಲಿಲ್ಲ. ಈ ಹೆಚ್ಚಿನದು ಯಾವ ಆಸೆಯಿಂದ ಬಂತು ಎಂದು ಕೇಳಿ, ಮೊದಲಿದ್ದಲ್ಲೇ ಸುರಿದು ಬರುವಂತೆ ಹೇಳಿದಳು. ಆಯ್ದ ಕೈ ಅದೇ, ಅಕ್ಕಿಯೂ ಅದೇ, ಅವಳು ಹಿಡಿದದ್ದು ಒಳಗಿನ ಬದಲಾವಣೆಯನ್ನು. ಬುಖಾರಿಯ ಮೊದಲ ಹದೀಸನ್ನು ಮಕ್ಕಳಿಗೆ ವಿವರಿಸುವಾಗ ನಾನು ಲಕ್ಕಮ್ಮನ ಕತೆ ಹೇಳುವುದಿದೆ, ಹೇಳಿದಾಗಲೆಲ್ಲ ಮಕ್ಕಳಿಗೆ ಬೇಗ ಅರ್ಥವಾಗಿದೆ.

ಕಲಿಯಲು ಯಾರೂ ಹೇಳದಿದ್ದಾಗ, ಹೇಳುವುದಿರಲಿ ಬೇಡವೆನ್ನುವ ಕಾಲದಲ್ಲಿ, ಕಲಿತವರ ನೆನಪೂ ನಮ್ಮ ಭಾಗಕ್ಕಿದೆ. 1887ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ತಿರುಮಲಾಂಬ ಹತ್ತರ ವಯಸ್ಸಿಗೆ ಮದುವೆಯಾಗಿ ಹದಿನಾಲ್ಕಕ್ಕೆ ವಿಧವೆಯಾದರು. ಶಾಲೆಯಿಲ್ಲ, ಪರೀಕ್ಷೆಯಿಲ್ಲ, ನೌಕರಿಯ ಮಾತಂತೂ ಇಲ್ಲವೇ ಇಲ್ಲ. ವಕೀಲರಾಗಿದ್ದ ತಂದೆಯ ಬೆಂಬಲದಲ್ಲಿ ಮನೆಯಲ್ಲೇ ಓದಿದರು, ತೆಲುಗು ತಮಿಳು ಕಲಿತರು. 1913ರಲ್ಲಿ 'ಸತೀ ಹಿತೈಷಿಣೀ' ಗ್ರಂಥಮಾಲೆ ಶುರುಮಾಡಿ ಕಾದಂಬರಿ ಬರೆದು ತಾವೇ ಪ್ರಕಟಿಸಿದರು, ಆಮೇಲೆ 'ಕರ್ನಾಟಕ ನಂದಿನಿ' ಪತ್ರಿಕೆ ನಡೆಸಿದರು. ಗ್ರಂಥಮಾಲೆಗೆ ಅವರಿಟ್ಟ ಹೆಸರಲ್ಲೇ ಯಾರಿಗಾಗಿ ಎನ್ನುವುದು ಇದೆ. ತನ್ನಂಥ ಹೆಂಗಸರು ಓದಬೇಕು, ಅವರಿಗೆ ಓದಲು ಏನಾದರೂ ಇರಬೇಕು. ಇಷ್ಟು ಸ್ಪಷ್ಟವಾಗಿ ಯಾರಿಗಾಗಿ ಎಂದು ತಿಳಿದವರಿಗೆ ನಾಳೆ ಏನು ಮಾಡಬೇಕು ಎಂಬ ಗೊಂದಲ ಕಡಿಮೆ.

ಹಾಗಾದರೆ ಅರ್ಥಕ್ಕಾಗಿ ಅರೇಬಿಕ್ ಕಲಿಯಬೇಕೆನ್ನುವವರು ಎಲ್ಲಿಂದ ಶುರು ಮಾಡಬೇಕು? ಬನ್ನೂರಿನ ಅಮ್ಮನಿಗೆ ನಾನು ಬರೆದದ್ದನ್ನೇ ಇಲ್ಲಿ ಹೇಳುತ್ತೇನೆ. ದಿನದ ಐದು ನಮಾಜಿನ ಫರ್ಜ್ ರಕಾತುಗಳು, ಅಂದರೆ ಕಡ್ಡಾಯ ಆವರ್ತನೆಗಳು, 17. ಪ್ರತಿ ರಕಾತಿನಲ್ಲೂ ಸೂರಾ ಫಾತಿಹಾ ಇದೆ, ನೀವೇ ಓದಿಕೊಂಡರೂ ಸರಿ, ಇಮಾಮರ ಹಿಂದೆ ನಿಂತಿದ್ದರೂ ಸರಿ. ಏಳೇ ಆಯತ್ತು, ಹೆಚ್ಚುಕಡಿಮೆ ಮೂವತ್ತು ಪದ. ದಿನಕ್ಕೊಂದು ಪದದ ಅರ್ಥ ಕಲಿತರೂ ಒಂದು ತಿಂಗಳಲ್ಲಿ ಫಾತಿಹಾ ನಿಮ್ಮದು. ಕಲಿತ ಪದ ಅವತ್ತೇ ಹದಿನೇಳು ಸಲ ಎದುರಾಗುತ್ತದೆ. ಮರೆಯಲು ಸಮಯವೇ ಇರುವುದಿಲ್ಲ. ಆಮೇಲೆ ನಮಾಜಿನಲ್ಲಿ ಬರುವ ಚಿಕ್ಕ ಸೂರಾಗಳು. ಕುರ್‌ಆನಿನಲ್ಲಿ ಇರುವುದು ಸುಮಾರು 77 ಸಾವಿರ ಪದಗಳು. ಕೇಳಿದರೆ ಎದೆಗುಂದುತ್ತದೆ, ಆದರೆ ಅವುಗಳ ಮೂಲಧಾತುಗಳು ಎರಡು ಸಾವಿರದೊಳಗೇ ಇವೆ. ಅರೇಬಿಕ್‌ನ ರಚನೆಯೇ ಹಾಗೆ: ಕ್, ತ್, ಬ್ ಎಂಬ ಮೂರು ಅಕ್ಷರಗಳಲ್ಲಿ ಬರೆಯುವ ಕ್ರಿಯೆ ಅಡಗಿದೆ. ಅದರಿಂದಲೇ ಕಿತಾಬ್ ಪುಸ್ತಕ, ಕಾತಿಬ್ ಬರೆಯುವವನು, ಮಕ್ತಬ್ ಬರೆದು ಕಲಿಯುವ ಜಾಗ. ಒಂದು ಧಾತು ಗುರುತಾದರೆ ಅದರ ಸಂಸಾರವೇ ಗುರುತಾಗುತ್ತದೆ. ಜೊತೆಗೆ ಪಕ್ಕದಲ್ಲಿ ಒಂದು ಕನ್ನಡ ಅನುವಾದ ಇಟ್ಟುಕೊಳ್ಳಿ. ಅಬ್ದುಸ್ಸಲಾಮ್ ಪುತ್ತಿಗೆಯವರದೂ ಸೇರಿ ಕನ್ನಡದಲ್ಲಿ ಒಂದಕ್ಕಿಂತ ಹೆಚ್ಚು ಅನುವಾದಗಳಿವೆ. ನಂಜನಗೂಡಿನ ಹುಡುಗನಿಗೆ ಹೇಳಿದ್ದು ಬೇರೆ. ಸೌದಿಯ ವೀಸಾ ನಿಜವಾಗಿಯೂ ಆಗುವುದಾದರೆ ಆ್ಯಪ್ ಬಿಟ್ಟು ಭಾವನ ಜೊತೆ ಫೋನಿನಲ್ಲಿ ದಿನಾ ಹತ್ತು ನಿಮಿಷ ಅಲ್ಲಿಯ ಮಾತು ಆಡು, ಕುರ್‌ಆನಿನ ಪಾಠ ಅದರ ಪಾಡಿಗೆ ಬೇರೆಯಾಗಿ ನಡೆಯಲಿ ಎಂದು.

ಇಷ್ಟು ಬರೆಯುವ ಹೊತ್ತಿಗೆ ತಿ. ನರಸೀಪುರದ ತಾಯಿಯೊಬ್ಬರ ಪ್ರಶ್ನೆ ಬಾಕಿಯಿದೆ. ಮಗ ಕುರ್‌ಆನ್ ಖತಂ ಮಾಡಿದರೆ ಸೈಕಲ್ ಕೊಡಿಸುತ್ತೇನೆ ಎಂದಿದ್ದೇನೆ, ಸರಿಯೇ ಎಂದು ಕೇಳಿದ್ದಾರೆ. 1973ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರವೊಂದರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬರೆಯುವುದೆಂದರೆ ಇಷ್ಟಪಡುವ ಮಕ್ಕಳನ್ನು ಆಯ್ದುಕೊಂಡರು. ಕೆಲವರಿಗೆ ಚಿತ್ರ ಬರೆದರೆ ರಿಬ್ಬನ್ ಕಟ್ಟಿದ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೆಲವರಿಗೆ ಮೊದಲು ಹೇಳದೆ, ಬರೆದಾದ ಮೇಲೆ ಕೊಟ್ಟರು. ಇನ್ನು ಕೆಲವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರದ ಮೇಲೆ ಯಾವ ಬಹುಮಾನವೂ ಇಲ್ಲದೆ ಬಣ್ಣದ ಪೆನ್ನು ಇಟ್ಟು ನೋಡಿದಾಗ, ಆಸೆ ತೋರಿಸಿ ಬರೆಸಿದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಹೇಳದೆ ಕೊಟ್ಟ ಬಹುಮಾನದಿಂದ ಮಾತ್ರ ಏನೂ ಕೆಡಲಿಲ್ಲ. ಹಾಗಂತ ಎಲ್ಲ ಬಹುಮಾನವೂ ಕೆಟ್ಟದ್ದೆಂದು ಇದರ ಅರ್ಥವಲ್ಲ. ಮಗುವಿಗೆ ಇಷ್ಟವೇ ಇಲ್ಲದ್ದನ್ನು ಶುರು ಮಾಡಿಸಲು ಸಣ್ಣ ಆಸೆ ತೋರಿಸುವುದರಿಂದ ನಷ್ಟ ಕಡಿಮೆ. ಆದರೆ ನಿಮ್ಮ ಪತ್ರದಲ್ಲೇ ಇದೆ, ಹುಡುಗನಿಗೆ ದನಿಯೆತ್ತಿ ಓದುವುದು ಇಷ್ಟ, ಓದಿದ್ದನ್ನು ರಾತ್ರಿ ಅವನ ಅಜ್ಜಿ ಕೇಳಿಸಿಕೊಳ್ಳುತ್ತಾರೆ ಎಂದು. ಅಂಥ ಇಷ್ಟಕ್ಕೆ ಬೆಲೆ ಕಟ್ಟಬೇಡಿ. ಹೇಗಿದ್ದರೂ ಹೈಸ್ಕೂಲು ದೂರ ಎಂದು ಬರೆದಿದ್ದೀರಿ. ಸೈಕಲನ್ನು ಜೂನ್ ತಿಂಗಳಲ್ಲಿ ಶಾಲೆಗೆ ಹೋಗಲೆಂದು ಕೊಡಿಸಿಬಿಡಿ, ಖತಂ ಆಗಿರಲಿ, ಬಿಡಲಿ.